ಚೆಂಡಿನ ಹಿಂದೊಂದು ಬಾಲ

೨೦೦೮ರಲ್ಲಿ ನಾನು ಜಮಖಂಡಿಯಲ್ಲಿ ಕಣ್ಣಿನ ವೈದ್ಯನಾಗಿದ್ದೆ. ಹದಿನೆಂಟು ವರ್ಷದ ಅನುಭವ. ರೋಗಿ ಬಾಯಿ ತೆರೆಯುವ ಮೊದಲೇ ರೋಗ ಹೇಳುವ ಸೊಕ್ಕೂ ಇತ್ತು. ಅದನ್ನು ಇಳಿಸಿದವರು ಬನಹಟ್ಟಿಯ ಪಾಯಪ್ಪ. ಅವರು ಪವರ್‌ಲೂಮ್ ಜಾಬರ್, ಅಂದರೆ ಕೆಟ್ಟ ಮಗ್ಗಗಳನ್ನು ಸರಿಪಡಿಸುವವರು.

“ಓಡೂದೆಲ್ಲಾ ಹಿಂದ ಬಾಲ ಬಿಟ್ಕೊಂಡು ಓಡಾಕತ್ತೈತ್ರಿ,” ಅಂದರು. “ಮಗ್ಗದಾಗ ಕೈ ಹಾಕಾವ ನಾನು. ಕಣ್ಣು ಹೋದ್ರ ಬೆರಳೂ ಹೋಗ್ತಾವು. ನಾಕ ದಿನಾ ಆತು, ಕೆಲಸಕ್ಕ ಹೋಗಿಲ್ಲ.” ಸೋಮವಾರ ಮಾಲೀಕರಿಗೆ ಪಾನಾ (ಸ್ಪ್ಯಾನರ್), ಹತಾರು ಎಲ್ಲ ಒಪ್ಪಿಸಿ ಕೆಲಸ ಬಿಡಲು ನಿರ್ಧರಿಸಿದ್ದರು.

ಪರೀಕ್ಷಿಸಿದೆ. ಎರಡೂ ಕಣ್ಣಿನ ದೃಷ್ಟಿ ೬/೬. ಬಲಗಣ್ಣಿನಲ್ಲಿ ಮಾತ್ರ ಪೊರೆ ಆಗಷ್ಟೇ ಶುರುವಾಗಿತ್ತು. ಅದೇ ಕಾರಣವೆಂದು ಆಪರೇಷನ್‌ಗೆ ಚೀಟಿ ಬರೆದೆ. ಪಾಯಪ್ಪ ಅದನ್ನು ಮುಟ್ಟಲಿಲ್ಲ.

“ಯಾವ ಕಣ್ಣು ಮುಚ್ಚಿದ್ರೂ ಬಾಲ ಐತ್ರಿ. ಒಂದು ಕಣ್ಣಿನ ಪೊರಿ ಎರಡಕ್ಕೂ ಹೆಂಗ ಬಾಲ ಹಚ್ಚತೈತಿ?”

ಸಿಟ್ಟು ಬಂತು. ಆದರೆ ಪ್ರಶ್ನೆ ಸರಿಯಾಗಿತ್ತು. ಉತ್ತರ ಸಿಗದೆ ಆ ಕಣ್ಣಿಗೆ ಕೈ ಹಚ್ಚುವುದಿಲ್ಲವೆಂದು ನಾನೂ ಹಟ ಹಿಡಿದು, ಅವರು ಕೆಲಸ ಮಾಡುವಲ್ಲೇ ಪರೀಕ್ಷಿಸಲು ಮರುದಿನ ಬನಹಟ್ಟಿಗೇ ಹೋದೆ. ಅಂಜುತ್ತಲೇ ಮಗ್ಗದ ಶೆಡ್ಡಿಗೆ ಬಂದ ಪಾಯಪ್ಪ, ಓಡುತ್ತಿದ್ದ ಮಗ್ಗದಲ್ಲಿ ಹರಿದ ಒಂದು ಎಳೆಯನ್ನು ನಾಲ್ಕು ಹೆಜ್ಜೆ ದೂರದಿಂದ ತೋರಿಸಿದರು. ನನಗೆ ಬಗ್ಗಿ ನೋಡಿದರೂ ಕಾಣಲಿಲ್ಲ.

“ಇಲ್ಲೆ ಬಾಲ ಐತೇನು?” ಎಂದೆ.

ಅವರು ಬಹಳ ಹೊತ್ತು ನೋಡಿದರು. “ಇಲ್ರಿ.”

“ಮತ್ತ ಎಲ್ಲಿ ಕಾಣತೈತಿ?”

“ಮನ್ಯಾಗ. ಹೊಸಾ ಟಿವ್ಯಾಗ. ಅಲ್ಲೆ ಕಂಡಿದ್ದಕ್ಕ ಅಂಜಿ ಮಗ್ಗದ ಕಡೆ ಬಂದೇ ಇಲ್ರಿ.”

ಅವರ ಮನೆಗೆ ಹೋದೆವು. ಅಲ್ಲಿನ ಎಲ್‌ಸಿಡಿ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಚೆಂಡು ಬೌಂಡರಿಗೆ ಓಡಿತು, ಹಿಂದೆ ಬೂದು ಬಣ್ಣದ ಬಾಲ. ನನಗೂ ಕಂಡಿತು. ಪಕ್ಕದ ಮನೆಯ ಹಳೆಯ ಡಬ್ಬಿ ಟಿವಿಯಲ್ಲಿ ಅದೇ ಪಂದ್ಯದ ಚೆಂಡು ಸ್ವಚ್ಛವಾಗಿತ್ತು.

ಟಿವಿ ರಿಪೇರಿಯವರನ್ನು ಕೇಳಿ ತಿಳಿದುಕೊಂಡೆ. ಎಲ್‌ಸಿಡಿಯ ಪ್ರತಿ ಚುಕ್ಕೆ ಬಣ್ಣ ಬದಲಿಸಲು ಹಿಡಿಯುವ ಸಮಯಕ್ಕೆ ರೆಸ್ಪಾನ್ಸ್ ಟೈಮ್ ಎನ್ನುತ್ತಾರೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಬಂದರೆ ಒಂದಕ್ಕೆ ಸಿಗುವುದು ನಲವತ್ತು ಮಿಲಿಸೆಕೆಂಡು. ಅಷ್ಟರಲ್ಲಿ ಚುಕ್ಕೆ ಪೂರ್ತಿ ಬದಲಾಗದಿದ್ದರೆ ಹಿಂದಿನ ಚಿತ್ರ ಉಳಿದು ಬಾಲವಾಗುತ್ತದೆ.

ಪಾಯಪ್ಪನಿಗೆ ಹೇಳಿದೆ. “ಅಂದ್ರ ಹೊಸಾ ಬಣ್ಣದ ಲಾಳಿ ಬಂದ್ರೂ ಹಳೇದು ಪೆಟ್ಟಿಗಿ ಬಿಟ್ಟಿಲ್ಲ ಅನ್ರಿ,” ಎಂದು ನಕ್ಕರು. ಮಗ್ಗದಲ್ಲಿ ನೂಲು ಹೊತ್ತು ಓಡುವುದು ಲಾಳಿ, ಅದು ಬಂದು ನಿಲ್ಲುವುದು ಪೆಟ್ಟಿಗೆ. ನನಗಿಂತ ಚೆನ್ನಾಗಿ ಹೇಳಿದ್ದರು.

ಸೋಮವಾರ ಅವರು ಪಾನಾ ಹಿಡಿದು ಶೆಡ್ಡಿಗೆ ಹೋದರು, ಒಪ್ಪಿಸಲಿಕ್ಕಲ್ಲ, ಕೆಲಸಕ್ಕೆ. ನಾನು ಚೀಟಿ ಹರಿದು ಹಾಕಿದೆ. ಬೇಡದ ಕಣ್ಣಿಗೆ ಬ್ಲೇಡು ಹಾಕಲಿದ್ದೆನಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ. ಅಂದಿನಿಂದ ನಿವೃತ್ತನಾಗುವವರೆಗೂ, ಸರಿಯಾಗಿ ಕಾಣುವುದಿಲ್ಲ ಎಂದು ಬಂದವರನ್ನು ಟಾರ್ಚ್ ಹಿಡಿಯುವ ಮೊದಲು ಒಂದು ಮಾತು ಕೇಳಿಯೇ ಕೇಳಿದೆ: “ಏನ್ ನೋಡುವಾಗರಿ?”