ಹದಿಮೂರು ಗುರುವಾರ

ಇಳಕಲ್ಲಿನಿಂದ ಮಂಗಳೂರಿಗೆ ಬಂದು ಕದ್ರಿಯ ಆಫೀಸಿನಲ್ಲಿ ಕೂತ ಮೊದಲ ದಿನ, ನನ್ನೆದುರೇ ಏಳು ಜನ ನನ್ನ ಬಗ್ಗೆ ತುಳುವಿನಲ್ಲಿ ಮಾತಾಡಿ ನಕ್ಕರು. ರಾಜ್ಯ ದಾಟದೆಯೂ ಪರದೇಶಿಯಾಗಬಹುದೆಂದು ಅವತ್ತು ತಿಳಿಯಿತು. ಕಂಪ್ಯೂಟರಿನಲ್ಲೋ ಬರೀ ಖಾಲಿ ಚೌಕಗಳು. ಎಕ್ಸೆಲ್ ಬರುತ್ತದೆಂದು ಸುಳ್ಳು ಹೇಳಿ ಕೆಲಸ ಹಿಡಿದಿದ್ದೆ. ಮೂರು ತಿಂಗಳಲ್ಲಿ ಕಲಿಯದಿದ್ದರೆ ಮತ್ತೆ ಅಣ್ಣನ ಮನೆಯೇ ಗತಿ. ಅಲ್ಲಿ ನನ್ನ ತಟ್ಟೆಗೆ ಬೀಳುವ ರೊಟ್ಟಿಯನ್ನು ಅತ್ತಿಗೆ ಎಲ್ಲರಿಗೂ ಕೇಳುವಂತೆ ಎಣಿಸುತ್ತಿದ್ದಳು.

ಕನಿಕರಿಸಿದವರು ಪಕ್ಕದ ಕುರ್ಚಿಯ ಲವೀನಾ ಬಾಯಿ ಒಬ್ಬರೇ. ಇಲ್ಲಿ ಹಿರಿಯ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ. ನಮ್ಮ ಕಡೆ ಕಾಯಿಲೆಯವರಿಗೆ ಕೊಡುವ ಗಂಜಿ ಇಲ್ಲಿ ಗಟ್ಟಿಮುಟ್ಟಾದವರ ಊಟ. ಅದರಲ್ಲೂ ನನಗೆ ಪಾಲು ಕೊಡುತ್ತಿದ್ದರು. ನಾನು ಪರದೆಯ ಮೇಲೆ ಬೆರಳಿಟ್ಟು ಸಾಲು ಎಣಿಸುವುದನ್ನು ಒಮ್ಮೆ ಕಂಡರು.

“ಎಂತ ಮಾರಾಯ್ತಿ, ಬೆರಳು ಯಾಕೆ? ಮೊದಲು ಈಕ್ವಲ್ ಹಾಕು. ಆಮೇಲೆ ಕೌಂಟ್‌ಇಫ್. ನಿನಗೆ ಬೇಕಾದ್ದನ್ನು ಮಾತ್ರ ಅದೇ ಎಣಿಸ್ತದೆ.”

ಉತ್ತರ ಸರಿ ಬಂದಾಗ ನನಗೆ ಕಣ್ಣು ತುಂಬಿತು. “ಇದರಲ್ಲಿ ಅಳ್ಲಿಕ್ಕೆ ಎಂತ ಉಂಟು?” ಎಂದು ಗದರಿದರು.

ಗುರುವಾರ ಮಾತ್ರ ಬಾಯಿ ಬಿಕರ್ನಕಟ್ಟೆಯ ಬಾಲ ಯೇಸುವಿಗೆ ಪ್ರಾರ್ಥನೆ ಮುಗಿಸಿ ಇಪ್ಪತ್ತು ನಿಮಿಷ ತಡವಾಗಿ ಬರುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಯಾರಾದರೂ ಅವರ ಹೆಸರಿನ ಮುಂದೆ ಒಂಬತ್ತು ಗಂಟೆ ಎಂದು ಬರೆದಿಡುತ್ತಿದ್ದರು. ಹಳೆಯ ಧಣಿಯ ಕಾಲದಿಂದಲೂ ಅದು ನಡೆದುಬಂದ ರೀತಿ. ಆದರೆ ನಾನು ಸೇರುವ ಹೊತ್ತಿಗೆ ಧಣಿಯ ಮಗ ಪುಸ್ತಕದ ಜೊತೆಗೆ ಬಾಗಿಲಿಗೆ ಹೆಬ್ಬೆಟ್ಟಿನ ಯಂತ್ರವನ್ನೂ ಕೂರಿಸಿದ್ದ.

ನನ್ನ ಮೂರನೆಯ ತಿಂಗಳ ಕೊನೆಗೆ ಅವನು ಕರೆದು, “ಯಾರು ಎಷ್ಟು ಸಲ ಲೇಟು, ಒಂದು ಶೀಟ್ ಮಾಡಿ ಕೊಡಿ. ನಿಮ್ಮ ಕೆಲಸವೂ ನೋಡಿದ ಹಾಗೆ ಆಗ್ತದೆ” ಎಂದ. ಪುಸ್ತಕದಿಂದಲೋ ಯಂತ್ರದಿಂದಲೋ ಹೇಳಲಿಲ್ಲ.

ಪುಸ್ತಕದಲ್ಲಿ ಯಾರೂ ಒಂಬತ್ತು ಗಂಟೆ ದಾಟಿರಲಿಲ್ಲ. ಅದನ್ನು ನೋಡಿ ತುಂಬಿದರೆ ಎಲ್ಲರ ಮುಂದೆಯೂ ಸೊನ್ನೆ. ಬರೀ ಸೊನ್ನೆಗಳನ್ನು ಕೊಟ್ಟರೆ ನನಗೆ ಕೆಲಸ ಬರುತ್ತದೆಂದು ಅವನು ನಂಬುವುದು ಹೇಗೆ? ಯಂತ್ರದ ಪಟ್ಟಿಯನ್ನೇ ಹಾಕಿದೆ. ಹೆಚ್ಚು ತಡವಾದವರು ಮೇಲೆ ಬರುವಂತೆ ಜೋಡಿಸಿದೆ. ಅದನ್ನೂ ಬಾಯಿಯೇ ಕಲಿಸಿದ್ದರು. ಮೊದಲ ಸಾಲಿನಲ್ಲಿ ಲವೀನಾ ಬಾಯಿ, ಹದಿಮೂರು. ಅಳಿಸಬಹುದಿತ್ತು. ಒಂದು ಕ್ಷಣ ನೋಡಿದೆ, ಪ್ರಿಂಟ್ ತೆಗೆದು ಕೊಟ್ಟೆ.

ಆ ವಾರವೇ ಬಾಯಿಯನ್ನು ಕೆಲಸದಿಂದ ತೆಗೆದರು. ಡ್ರಾಯರ್ ಖಾಲಿ ಮಾಡುವಾಗ ಅವರು ಆ ಹಾಳೆಯ ಇನ್ನೊಂದು ಪ್ರಿಂಟ್ ನನ್ನಿಂದ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ಸಾಲುಸಾಲಾಗಿ ನೋಡಿದರು.

“ಎಲ್ಲ ಸರಿ ಉಂಟು. ತಪ್ಪಿದ್ದರೆ ನನಗೆ ಬೇಜಾರಾಗ್ತಿತ್ತು, ನಾನು ಕಲಿಸಿದ್ದಲ್ವಾ?”

ನನ್ನ ಕೆಲಸ ಕಾಯಂ ಆಯಿತು. ಇಳಕಲ್ಲಿಗೆ ಹೋದರೆ ಮಂಗಳೂರಿನವಳು ಬಂದಳು ಎನ್ನುತ್ತಾರೆ. ಇಲ್ಲಿ ನಾನು ಊಟಕ್ಕೆ ಕೂತರೆ ಉಳಿದವರು ಡಬ್ಬಿ ಮುಚ್ಚಿಕೊಂಡು ಏಳುತ್ತಾರೆ. ನಾಚಿಕೆಯಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೆ ನಾಳೆ ಮತ್ತೆ ಕೇಳಿದರೂ ಯಂತ್ರದ ಪಟ್ಟಿಯನ್ನೇ ಹಾಕುತ್ತೇನೆ.