ವಿಜಯನಗರದ ಸೋಬಾನೆ ಪದ

ನಾನು ಜನಪದ ಹಾಡುತ್ತೇನೆ ಎಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಯಾವೂರಮ್ಮ ನಿಮ್ದು?" ಇಲ್ಲೇ ಸಿಟಿಯೊಳಗಿನ ವಿಜಯನಗರ ಎನ್ನುತ್ತೇನೆ. "ಅಲ್ಲ, ಅಸಲಿಗೆ ಯಾವೂರು?" ಅಸಲಿಗೂ ವಿಜಯನಗರವೇ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹುಟ್ಟಿ ಅಲ್ಲೇ ಬೆಳೆದವಳು. ಹಸು ಕರೆಯಲು ಬರುವುದಿಲ್ಲ, ರಾಗಿ ಹೊಲವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಇಷ್ಟು ಹೇಳುವಷ್ಟರಲ್ಲಿ ಕೇಳಿದವರ ಮುಖ ಸಪ್ಪಗಾಗಿರುತ್ತದೆ. ಮಣ್ಣಿನ ಹಾಡು ಎಂದರೆ ಹಾಡುವವರ ಕಾಲಿಗೆ ಕೆಸರು ಮೆತ್ತಿರಲೇಬೇಕು ಎಂದುಕೊಂಡವರಿಗೆ ನಾನೇನು ಮಾಡಲಿ? ನನಗೆ ಹಾಡು ಬಂದದ್ದು ನಮ್ಮ ನಡುಮನೆಯಲ್ಲಿ, ಟೀವಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದ ಅಜ್ಜಿಯಿಂದ.

ಅಜ್ಜಿ ಅಂದರೆ ನಮ್ಮಪ್ಪನ ತಾಯಿ. ನಮ್ಮ ಕಡೆ ಮದುವೆಗೆ ಮುಂಚೆ ಅರಿಶಿನ ಹಚ್ಚುವ ಶಾಸ್ತ್ರ ಇದ್ದರೆ ಸೋಬಾನೆ ಹೇಳಲು ಅವಳೇ ಆಗಬೇಕಿತ್ತು. ಕರೆಯುವವರು ಬಾಗಿಲಲ್ಲಿ ಕಾರ್ಡು ಕೊಟ್ಟು ಹೋಗುವ ಹಾಗಿರಲಿಲ್ಲ, ಫೋನಂತೂ ಕೂಡದು. ಒಳಗೆ ಬಂದು ಕೂತು, ಎಲೆ ಅಡಿಕೆಯನ್ನು ಅವಳ ಕೈಗೇ ಕೊಟ್ಟು, "ನಮ್ಮನೆ ಪದಕ್ಕೆ ಬರ್ಬೇಕು" ಎನ್ನಬೇಕು. ಎಲೆ ಅಡಿಕೆ ಯಾರ ಕೈಗೆ ಹೋಯಿತೋ ಅವರೇ ಅಂದಿನ ಮುಂದಾಳು. ಮುಂದಾಳು ಒಂದು ಸಾಲು ಹೇಳಿ ನಿಲ್ಲಿಸುತ್ತಾಳೆ, ಉಳಿದ ಹೆಂಗಸರು ಅದನ್ನು ತಿರುಗಿ ಹೇಳುತ್ತಾರೆ. ಹಾಗೆ ತಿರುಗಿ ಹೇಳುವುದಕ್ಕೆ ಸೊಲ್ಲು ಹಿಡಿಯುವುದು ಎಂದು ಹೆಸರು. ಅಜ್ಜಿ ತನ್ನ ಜನ್ಮದಲ್ಲಿ ಇನ್ನೊಬ್ಬರ ಸೊಲ್ಲು ಹಿಡಿದವಳಲ್ಲ. ಬೇರೆ ಯಾರಾದರೂ ಪದ ಎತ್ತಿದರೆ ತಕ್ಷಣ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡುಬಿಡುವಳು. ಬಾಯಿ ತುಂಬಿದವರನ್ನು ಹಾಡಿ ಎನ್ನಲಾದೀತೇ?

ಚಿಕ್ಕವಳಿದ್ದಾಗಿನಿಂದ ಅವಳ ಜೊತೆ ಮದುವೆಮನೆಗಳಿಗೆ ಹೋಗಿ ಸೊಲ್ಲು ಹಿಡಿದವಳು ನಾನು. ನನಗೆ ಹುಚ್ಚು ಹಿಡಿಸಿದ್ದು ರಾಗಕ್ಕಿಂತ ಹೆಚ್ಚಾಗಿ ಅವಳ ಕೊಂಕು. ಮೆಟ್ರೋದಲ್ಲಿ ಮೊದಲ ಸಲ ಹೋಗಿಬಂದ ಅಜ್ಜಿ, ಮುಂದಿನ ಶಾಸ್ತ್ರದಲ್ಲೇ ಬೀಗರನ್ನು ಗೇಲಿ ಮಾಡುವ ಪದ ಎತ್ತಿದಳು:

ಮೆಟ್ಟಿಲೇ ನಡೆದಾವು, ಬೀಗರು ನಿಂತಾರು
ಕಾಲ್ಯಾಕೆ ಕೊಟ್ಟ ಶಿವ ಇವರೀಗೆ

ಗಂಡಿನ ಸೋದರತ್ತೆ ನಕ್ಕೂ ನಕ್ಕೂ ಅರಿಶಿನದ ಬಟ್ಟಲನ್ನು ತನ್ನ ರೇಷ್ಮೆ ಸೀರೆಯ ಮೇಲೇ ಚೆಲ್ಲಿಕೊಂಡಳು. ಎಸ್ಕಲೇಟರನ್ನೂ ಸೋಬಾನೆಗೆ ತರಬಹುದು ಎಂದು ಗೊತ್ತಾದ ಮೇಲೆ ನಾನು ಸುಮ್ಮನಿರಲಿಲ್ಲ. ನಮ್ಮ ಬೀದಿಯ ಹೂಕೋಸಿನ ಗಾಡಿ, ನೀರಿನ ಟ್ಯಾಂಕರು, ಕೆಟ್ಟು ನಿಂತ ಲಿಫ್ಟು ಎಲ್ಲದರ ಮೇಲೂ ಪದ ಕಟ್ಟಿದೆ. ಹಾಡಿ, ಫೋನಿನಲ್ಲಿ ವಿಡಿಯೋ ಮಾಡಿ ನೆಟ್ಟಿಗೆ ಹಾಕಿದೆ. ಜನ ಕೇಳಿದರು, ಹೊಗಳಿದರು. ಅಜ್ಜಿಗೆ ತೋರಿಸಿದರೆ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ ಅಂದಳು:

"ಇದು ಪದ ಅಲ್ಲ ಕಣೇ. ನೀನೇ ಹೇಳ್ತೀಯ, ನೀನೇ ಕೇಳ್ಕೊಂತೀಯ. ಸೊಲ್ಲು ಹಿಡಿಯೋರು ಎಲ್ಲವ್ರೆ?"

ಮೈಯೆಲ್ಲ ಉರಿದುಹೋಯಿತು. ಊರೆಲ್ಲ ಭೇಷ್ ಅಂದರೂ ನನಗೆ ಬೇಕಿದ್ದದ್ದು ಆ ಕುರ್ಚಿಯಿಂದ ಬರಬೇಕಾದ ಒಂದು ಮಾತು, ನೀನು ಹೇಳೋದು ಪದ ಅಂತ.

ಹೀಗಿರುವಾಗ ರಾಜಾಜಿನಗರದ ಒಂದು ಸಭಾಂಗಣದಲ್ಲಿ ಎಳೆಯ ಕಲಾವಿದರ ಕಾರ್ಯಕ್ರಮಕ್ಕೆ ಕರೆ ಬಂತು. ನಿಮ್ಮ ಹಾಡಿಗೆ ಸ್ಫೂರ್ತಿ ಏನು ಎಂದು ಮಾತಾಡಬೇಕು, ಆಮೇಲೆ ಹಾಡಬೇಕು. ಕೀಬೋರ್ಡ್ ನುಡಿಸುವ ನನ್ನ ಕಾಲೇಜಿನ ಗೆಳೆಯ ಪ್ರಾಕ್ಟೀಸಿನಲ್ಲಿ ತಲೆ ಕೆರೆದುಕೊಂಡ.

"ಒಂದೊಂದು ಲೈನ್ ಆದ್ಮೇಲೂ ಸುಮ್ನೆ ನಿಂತ್ಕೊಳ್ತೀಯಲ್ಲೇ. ಅಲ್ಲಿ ನಾನು ಏನಾದ್ರೂ ನುಡಿಸ್ತೀನಿ. ಇಲ್ಲಾಂದ್ರೆ ಮರ್ತೋದ್ಲು ಅಂದ್ಕೊಂತಾರೆ."

"ಆ ಜಾಗ ನಿಂದಲ್ಲ ಕಣೋ. ಕೂತಿರೋರ್ದು."

"ಅವ್ರು ಹಾಡ್ದೇ ಇದ್ರೆ?"

"ಕಾಯ್ತೀನಿ."

ಹಟ ನಮ್ಮ ವಂಶದ ಆಸ್ತಿ, ಬೇರೆ ಆಸ್ತಿಯೇನೂ ಇಲ್ಲ.

ಆ ದಿನ ಸಭಾಂಗಣ ತುಂಬಿತ್ತು. ಅಮ್ಮ ಅಜ್ಜಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿದ್ದಳು. ನಾನು ಎಸ್ಕಲೇಟರಿನ ಕಥೆ ಹೇಳಿದೆ, ಎಲ್ಲರೂ ನಕ್ಕರು. ನಾನು ನಿಲ್ಲಿಸಿದಾಗ ನೀವು ಸೊಲ್ಲು ಹಿಡಿಯಬೇಕು ಎಂದೆ, ಎಲ್ಲರೂ ತಲೆ ಆಡಿಸಿದರು. ನಾನೇ ಕಟ್ಟಿದ ಪದ ಎತ್ತಿದೆ:

ಟೋಲ್‌ಗೇಟು ತಿರುವಲ್ಲಿ ದಿಬ್ಬಣ ನಿಂತೈತೆ

ನಿಲ್ಲಿಸಿದೆ. ಯಾರೂ ಹಾಡಲಿಲ್ಲ. ನಗುಮುಖದಿಂದ ನೋಡುತ್ತಿದ್ದರು ಅಷ್ಟೇ, ಕೆಲವರು ಫೋನ್ ಎತ್ತಿ ಹಿಡಿದಿದ್ದರು.

ಗಂಡೀನ ಪೇಟ ಬೆವೆತೈತೆ

ಮತ್ತೆ ನಿಲ್ಲಿಸಿದೆ. ಹಿಂದಿನಿಂದ ಯಾರೋ ಧೈರ್ಯ ತುಂಬಲು ಚಪ್ಪಾಳೆ ತಟ್ಟಿದರು, ಪಾಪ ಮರೆತಿದ್ದಾಳೆ ಎಂದುಕೊಂಡು. ಗೆಳೆಯನ ಬೆರಳು ಕೀಬೋರ್ಡಿನ ಮೇಲೆ ಹೋಯಿತು. ಬೇಡ ಎಂದು ತಲೆಯಾಡಿಸಿದೆ. ಈ ಸಲವೂ ಯಾರೂ ಹಿಡಿಯದಿದ್ದರೆ ಅಜ್ಜಿ ಅಂದದ್ದೇ ನಿಜ, ನಾನು ನನಗೇ ಹಾಡಿಕೊಳ್ಳುವವಳು ಎಂದು ಒಪ್ಪಿಕೊಳ್ಳಬೇಕಿತ್ತು. ಅಜ್ಜಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಕಾದೂ ಕಾದೂ ಹೆಣ್ಣೇ ನಡೆದಾಳೆ

ಮುಂದಿನ ಸಾಲಿನಿಂದ ಒಂದು ಒಡಕು ದನಿ ಎದ್ದಿತು. "ಕಾದೂ ಕಾದೂ ಹೆಣ್ಣೇ ನಡೆದಾಳೆ..." ಮದುವೆಮನೆಯಲ್ಲಿ ಎಳೆಯುವ ಹಾಗೆಯೇ ಕೊನೆಯನ್ನು ಎಳೆದು ಬಿಟ್ಟಿತು. ಅಜ್ಜಿ! ಕಣ್ಣು ಮುಚ್ಚಿಕೊಂಡು, ತೊಡೆ ತಟ್ಟುತ್ತಾ, ನಾನು ಕಟ್ಟಿದ ಸಾಲನ್ನು ಹೇಳುತ್ತಿದ್ದಳು. ಪಕ್ಕದಲ್ಲಿ ಅಮ್ಮ ಸೇರಿದಳು, ಹಿಂದಿನ ಆಂಟಿಯರು ಸೇರಿದರು. ಮುಂದಿನ ಸಾಲಿಗೆ ಸಭೆಯೇ ಬಾಯಿ ಬಿಟ್ಟಿತು. ನನಗೆ ಅಳು ಬಂತು, ಆದರೂ ದನಿ ನಡುಗಲಿಲ್ಲ. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ಹೆಂಗಿತ್ತಜ್ಜಿ?"

"ಏನೋ, ಸಭೆ ಮೂಗಿ ಥರ ಕೂತಿತ್ತು. ತಡ್ಕೊಳ್ಳೋಕಾಗ್ಲಿಲ್ಲ," ಎಂದು ಕಿಟಕಿಯ ಕಡೆ ತಿರುಗಿದಳು. ಮೆಚ್ಚಿ ಹಿಡಿದಳೋ, ಮರ್ಯಾದೆ ಉಳಿಸಲು ಹಿಡಿದಳೋ ಗೊತ್ತಾಗಲಿಲ್ಲ. ಇನ್ನೂ ಕೆದಕಿದ್ದರೆ ಬೈಸಿಕೊಳ್ಳಬೇಕಾಗುತ್ತಿತ್ತು.

ಕೆಲವು ದಿನ ಕಳೆದು ಅನ್ನಪೂರ್ಣೇಶ್ವರಿ ನಗರದಿಂದ ಒಬ್ಬ ಹೆಂಗಸು ಬಂದರು. ಮಗಳಿಗೆ ಮದುವೆ, ಅರಿಶಿನ ಶಾಸ್ತ್ರಕ್ಕೆ ಅಜ್ಜಿಯನ್ನು ಕರೆಯಬೇಕಿತ್ತು. ನಾನು ಕಾಫಿ ಕೊಟ್ಟು ಬಾಗಿಲ ಬಳಿ ನಿಂತಿದ್ದೆ. ಅವರು ಪದ್ಧತಿಯಂತೆ ಎಲೆ ಅಡಿಕೆ ಚಾಚಿದರು. ಅಜ್ಜಿ ಕೈ ಮುಂದೆ ಮಾಡಲಿಲ್ಲ, ನನ್ನ ಕಡೆ ಗದ್ದ ತೋರಿಸಿದಳು.

"ಅವಳ ಕೈಗೆ ಕೊಡಮ್ಮ."

ಆಕೆ ಗಾಬರಿಯಾದರು. "ಯಾಕಜ್ಜಿ, ನೀವು ಬರಲ್ವಾ?"

"ಬರ್ದೆ ಏನು?" ಎಂದಳು ಅಜ್ಜಿ. "ಅವಳಿಗೆ ಸೊಲ್ಲು ಹಿಡಿಯೋಕೆ ಜನ ಬೇಡ್ವಾ?"