ನಾನು ಅಣಕಿಸದೆ ಬಿಟ್ಟವನು

ನಮ್ಮ ಗಡಿಯೂರು ಬಾವಲಿಯಲ್ಲಿ ನನ್ನ ಬಾಯಿಗೆ ಸಿಗದವರು ಯಾರೂ ಇಲ್ಲ. ಚೆಕ್‌ಪೋಸ್ಟಿನ ಗಾರ್ಡು ಲಾರಿ ಡ್ರೈವರನ್ನು ಗದರಿಸುತ್ತಿದ್ದವನು ಸಾಹೇಬರ ಜೀಪು ಕಂಡೊಡನೆ ದನಿಗೆ ಬೆಲ್ಲ ಬೆರೆಸುವುದು, ನಮ್ಮಪ್ಪ ಅಂಗಡಿಯಲ್ಲಿ ಕನ್ನಡದಲ್ಲಿ ತೂಗಿ ಮಲಯಾಳದಲ್ಲಿ ಚೌಕಾಸಿ ಮಾಡುವುದು, ಚಹಾದಂಗಡಿಯ ಕುಂಞಪ್ಪಣ್ಣ ಸೀನುವ ಮುಂಚೆ ದೇವರನ್ನೂ ಸೀನಿದ ಮೇಲೆ ಸರಕಾರವನ್ನೂ ನೆನೆಯುವುದು, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನನ್ನೂ ಬಿಟ್ಟಿಲ್ಲ. ಕನ್ನಡಿಯ ಮುಂದೆ ಹುಲಿಯಾಗಿ, ಬೀದಿಗೆ ಬಂದೊಡನೆ ಬೆಕ್ಕಾಗುವ ಮಾದೇವನನ್ನು ನಾನೇ ಮಾಡಿ ತೋರಿಸಿದರೆ ಊರು ಹೊಟ್ಟೆ ಹಿಡಿದುಕೊಂಡು ನಗುತ್ತದೆ.

ಯಾರೂ ಇಲ್ಲ ಎಂದೆನಲ್ಲ, ಅದು ಸುಳ್ಳು. ಒಬ್ಬನಿದ್ದ. ವಿಜಯನ್.

ವಿಜಯನ್ ಮಾನಂದವಾಡಿಯಿಂದ ಬಾವಲಿಗೆ ಬರುವ ಬಸ್ಸಿನ ಕಿಳಿ. ಬಾಗಿಲಲ್ಲಿ ಜೋತಾಡುತ್ತ, ಊರುಗಳ ಹೆಸರು ಕೂಗುತ್ತ, ಜನರನ್ನು ಒಳಗೆ ತುರುಕುವ ಆಳನ್ನು ಇಲ್ಲಿ ಕಿಳಿ ಎನ್ನುತ್ತಾರೆ. ಹಾಗೆಂದರೆ ಹಕ್ಕಿ. ಇವನು ಬಸ್ಸಿನ ತಗಡಿಗೆ ಅಂಗೈಯಲ್ಲಿ ಒಂದು ಪೆಟ್ಟು ಬಡಿದರೆ ಡ್ರೈವರು ನಿಲ್ಲಿಸಬೇಕು, ಎರಡು ಬಡಿದರೆ ಹೊರಡಬೇಕು. ನನ್ನಂಥ ಅಣಕದವನಿಗೆ ಕಿಳಿಯೆಂದರೆ ಸುಲಿದ ಬಾಳೆಹಣ್ಣು. ಆದರೆ ವಿಜಯನ ದನಿ ತೆಗೆಯಲು ಹೋದಾಗಲೆಲ್ಲ ಬೇರೆ ಯಾರನ್ನೋ ಅಣಕಿಸಿ ಮುಗಿಸುತ್ತಿದ್ದೆ. ಗೆಳೆಯರು ಹುಡುಗಿಯರ ವಿಷಯದಲ್ಲಿ ಏನೇನಾಗುತ್ತದೆಂದು ಹೇಳಿಕೊಳ್ಳುತ್ತಾರೋ ಅದೆಲ್ಲ ನನಗೆ ಅವನ ವಿಷಯದಲ್ಲಿ ಆಗುತ್ತಿತ್ತು. ಮಾನಂದವಾಡಿಯ ಟೈಪಿಂಗ್ ಕ್ಲಾಸಿಗೆ ನಾನು ಸೇರಿದ್ದೇ ಆ ಬಸ್ಸಿಗಾಗಿ. ಮೇಷ್ಟ್ರು ಪಾಪ, ನನ್ನದು ದಪ್ಪ ಬೆರಳು, ಅದಕ್ಕೇ ಫೇಲಾಗುತ್ತೇನೆ ಎಂದುಕೊಂಡಿದ್ದರು. ಪಾಸಾಗಿಬಿಟ್ಟರೆ ಬಸ್ಸು ತಪ್ಪುತ್ತದೆ ಎಂಬುದು ಅವರಿಗೇನು ಗೊತ್ತು!

ಅಣಕವೂ ಒಂದು ಶಾಸ್ತ್ರವೇ. ನಮ್ಮ ಕಾಡಿನ ಭೀಮರಾಜ ಹಕ್ಕಿಯನ್ನು ನೋಡಿ, ಗಿಡುಗನ ಕೂಗು, ಅಳಿಲಿನ ಚಿಟಿಚಿಟಿ, ಊರ ಬೆಕ್ಕಿನ ದನಿ, ಏನನ್ನೂ ಬಿಡುವುದಿಲ್ಲ. ಯಾರಿಗೆ ಹೆದರುತ್ತದೋ, ಯಾರಿಂದ ಏನಾದರೂ ಕಸಿಯಬೇಕೋ ಅವರ ದನಿಯನ್ನು ಅದು ಕಲಿಯುತ್ತದೆ ಎಂಬುದು ನನ್ನ ಸಿದ್ಧಾಂತ. ತನ್ನ ಜೊತೆಯ ಹಕ್ಕಿಯನ್ನು ಅಣಕಿಸುತ್ತದೆಯೇ? ಬಲ್ಲವರು ಹೇಳಬೇಕು. ನಾನು ಇಷ್ಟನ್ನು ಯೋಚಿಸಿದ್ದು ಬಸ್ಸಿನ ಹಿಂದಿನ ಸೀಟಿನಲ್ಲಿ, ಆದ್ದರಿಂದ ಅಲ್ಲಲ್ಲಿ ಕುಲುಕಿರಬಹುದು.

ನಮ್ಮ ಜಿಲ್ಲೆ ಹೊಸದು. ಅದಕ್ಕೆ ಹೆಸರು ಬಂತು, ಬೋರ್ಡು ಬಂತು, ಕಲ್ಪೆಟ್ಟಕ್ಕೆ ಕಲೆಕ್ಟರೂ ಬಂದರು. ನಮ್ಮಂಥವರಿಗೆ ಹೆಸರೂ ಇಲ್ಲ, ಬೋರ್ಡೂ ಇಲ್ಲ. ಒಂದು ಜಗಲಿ ಮಾತ್ರ ಇದೆ. ಗದ್ದೆಯಾಚೆ ಚಿಕ್ಕತಾಯಕ್ಕ ಮತ್ತು ದೇವಕಿ ಚೇಚಿ, ಚೇಚಿ ಎಂದರೂ ಅಕ್ಕನೇ, ಒಂದೇ ಮನೆಯಲ್ಲಿ, ಒಂದೇ ಕೊಡೆಯಡಿಯಲ್ಲಿ ಬದುಕಿದವರು. ಒಬ್ಬರು ಗುಂಡ್ಲುಪೇಟೆ ಕಡೆಯವರು, ಇನ್ನೊಬ್ಬರು ಪನಮರಂನವರು. ಊರು ಇಬ್ಬರನ್ನೂ ಅಕ್ಕತಂಗಿಯರು ಎಂದು ಕರೆದು ಸುಮ್ಮನಾಗಿದೆ. ಭಾನುವಾರ ಅವರ ಜಗಲಿಯಲ್ಲಿ ನಮ್ಮಂಥ ಮೂರ್ನಾಲ್ಕು ಜನ ಕೂರುತ್ತೇವೆ. ದೊಡ್ಡ ಮಾತೇನೂ ಇಲ್ಲ. ಕಪ್ಪ, ಅಂದರೆ ಮರಗೆಣಸು, ಬೇಯಿಸಿ ತಿನ್ನುತ್ತೇವೆ, ಸುಳ್ಳು ಹೇಳದೆ ಎದ್ದು ಬರುತ್ತೇವೆ.

ಪ್ರತಿವರ್ಷ ಮೈಕು ಕಟ್ಟಿ ನನ್ನಿಂದ ಅಣಕ ಮಾಡಿಸುವ ಓಣಂ ಹತ್ತಿರವಾದಾಗ ಅಲ್ಲಿಯೇ ಚಿಕ್ಕತಾಯಕ್ಕ ನನ್ನ ಕಿವಿ ಹಿಂಡಿದರು.

"ಅಲ್ಲ ಕಣ್ಲಾ ಮಾದೇವ, ಊರ್ನೋರ್ನೆಲ್ಲ ಆಡ್ಕೊತೀಯ, ನನ್ನ ಕೆಮ್ಮನ್ನೂ ಬುಟ್ಟಿಲ್ಲ. ಆ ಕಿಳೀನ ಮಾತ್ರ ಯಾಕ್ಲಾ ಬುಟ್ಟಿದ್ದೀ? ಊರ್ನೋರಿಗೆ ಕಣ್ಣಿಲ್ವಾ? ಈ ಸಲ ಮೈಕಲ್ಲಿ ಅವನ್ನೂ ಮಾಡ್ಬುಡು, ಮುಚ್ಚೋಯ್ತದೆ."

ಮುಚ್ಚಿಟ್ಟಿದ್ದೇನೆ ಎಂದುಕೊಂಡ ಜಾಗದಲ್ಲೇ ನಾನು ಬಾವುಟ ನೆಟ್ಟಿದ್ದೆ! ದೇವಕಿ ಚೇಚಿ ಕಪ್ಪದ ಸಿಪ್ಪೆ ತೆಗೆಯುತ್ತಲೇ ಹೇಳಿದರು: "ಮುಚ್ಚೋಕೆ ಅಂತ ಮಾಡ್ಬೇಡ ಮೋನೇ. ಮಾಡೋದಾದ್ರೆ ಸತ್ಯಮಾಯಿಟ್ಟು ಮಾಡು."

ಅದೇ ವಾರ ಬಸ್ಸಿನಲ್ಲಿ ವಿಜಯನ್ ತಾನಾಗಿಯೇ ತಗಾದೆ ತೆಗೆದ. "ಎಡಾ, ಎಲ್ಲರನ್ನ ಮಾಡ್ತೀಯ, ನನ್ನ ಮಾತ್ರಂ ಇಲ್ಲ. ನಾನೇನು ಮನುಷ್ಯನಲ್ಲೇ? ಓಣಂ ಕಳೆದ್ರೆ ನಾನು ಕಲ್ಪೆಟ್ಟ ಲೈನಿಗೆ ಹೋಗ್ತೀನಿ. ಕಲೆಕ್ಟರಾಫೀಸಿಗೆ ಜನ ಜಾಸ್ತಿ, ಹೊಸ ಬಸ್ಸು ಹಾಕ್ತಾರೆ."

ಜಿಲ್ಲೆ ಬೇಕೆಂದು ಹೋರಾಡಿದವರಿಗೆಲ್ಲ ನಾನು ಅವತ್ತು ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಓಣಂ ಮಧ್ಯಾಹ್ನ, ಶಾಲೆಯ ಮೈದಾನ. ಗಾರ್ಡನ್ನು ಮಾಡಿದೆ, ಅಪ್ಪನನ್ನು ಮಾಡಿದೆ, ಕುಂಞಪ್ಪಣ್ಣನ ಸೀನಿಗೆ ಮಕ್ಕಳು ನೆಲದಲ್ಲಿ ಉರುಳಿದರು. ಹಿಂದೆ, ತಗಡು ಕಟ್ಟಿದ ಸೋಡಾ ಅಂಗಡಿಗೆ ಒರಗಿಕೊಂಡು ವಿಜಯನ್ ನಿಂತಿದ್ದ. ನಾನು "ಇನ್ನು ನಮ್ಮ ಕಿಳಿ" ಎಂದೆ. ಜನ ಹೋ ಎಂದರು. "ಕಾಟ್ಟಿಕುಳಂ, ಕಾಟ್ಟಿಕುಳಂ" ಎಂದು ಅವನಂತೆ ದಾರಿಯ ಊರಿನ ಹೆಸರು ಕಿರುಚಲು ಬಾಯಿ ತೆರೆದೆ.

ಬಂದದ್ದು ಬೇರೆಯೇ ದನಿ. ಬಾವಲಿಯಲ್ಲಿ ಎಲ್ಲರೂ ಇಳಿದ ಮೇಲೆ ಖಾಲಿ ಬಸ್ಸನ್ನು ಹಿಂದೆ ತಿರುಗಿಸುತ್ತಾರಲ್ಲ, ಆಗ ಇಳಿಯಲು ಎದ್ದ ನನಗೆ ಅವನು ದಿನಾ ಮೆಲ್ಲಗೆ ಹೇಳುತ್ತಿದ್ದ ಮಾತು: "ಇರಿಕ್ಕೆಡಾ. ತಿರುಗೋವರ್ಗೂ ಕೂತ್ಕೋ."

ಯಾರೂ ನಗಲಿಲ್ಲ. "ಯಾರ್ದ್ಲಾ ಇದು?" ಎಂದು ಯಾರೋ ಕೇಳಿದರು. "ಮೈಕು ಕೆಟ್ಟೋಯ್ತಾ?" ಎಂದರು ಕುಂಞಪ್ಪಣ್ಣ. ಅವರದೇನೂ ತಪ್ಪಿಲ್ಲ. ಆ ದನಿಯನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ, ನಾನೊಬ್ಬನೇ ಕೇಳಿದ್ದೆ. ಅದು ಯಾರದೆಂದು ತಿಳಿದ ಇನ್ನೊಬ್ಬ ಹಿಂದೆ ನಿಂತಿದ್ದ, ಮುಖ ಕಾಣುತ್ತಿರಲಿಲ್ಲ.

ಆಗ ಸೋಡಾ ಅಂಗಡಿಯ ತಗಡಿನ ಮೇಲೆ ಅಂಗೈಯ ಪೆಟ್ಟು ಬಿತ್ತು. ಒಂದೇ.

ನಾನು ಎರಡನೆಯದಕ್ಕೆ ಕಿವಿಗೊಟ್ಟೆ. ಬರಲಿಲ್ಲ. ಜನ ಚದುರಿದಾಗ ಅವನೂ ಇರಲಿಲ್ಲ, ಮರುದಿನದಿಂದ ಅವನ ಬಸ್ಸು ಕಲ್ಪೆಟ್ಟಕ್ಕೆ.

ಈಗ ನಮ್ಮ ಬಸ್ಸಿಗೆ ಹೊಸ ಕಿಳಿ ಬಂದಿದ್ದಾನೆ. ಬಂದ ದಿನವೇ ಅವನನ್ನು ಅಣಕಿಸಿ ಮುಗಿಸಿದೆ, ಏನೂ ಕಷ್ಟವಾಗಲಿಲ್ಲ. ಟೈಪಿಂಗ್ ಪರೀಕ್ಷೆಗೂ ಕಟ್ಟಿದ್ದೇನೆ. ಪಾಸಾದರೆ ಕಲೆಕ್ಟರಾಫೀಸಿನಲ್ಲಿ ಕೆಲಸ ಸಿಗಬಹುದೆಂದು ಅಪ್ಪನ ಆಸೆ, ಕಲ್ಪೆಟ್ಟಕ್ಕೆ ಬಸ್ಸಿನಲ್ಲಿ ಹೋಗಬೇಕಾಗುತ್ತದೆಂದು ನನ್ನದು. ಜಗಲಿಯಲ್ಲಿ ಚಿಕ್ಕತಾಯಕ್ಕ, "ಅವ ಏನಂದ್ನಪ್ಪ ಕೊನೆಗೆ?" ಎಂದು ಈಗಲೂ ಕೇಳುತ್ತಾರೆ. ಏನೂ ಅನ್ನಲಿಲ್ಲ ಅಕ್ಕ, ಒಂದು ಪೆಟ್ಟು ಬಡಿದ ಅಷ್ಟೆ ಎನ್ನುತ್ತೇನೆ. ಬಸ್ಸಿನವರ ಲೆಕ್ಕದಲ್ಲಿ ಒಂದೆಂದರೆ ನಿಲ್ಲು. ಎರಡನೆಯದು ಬೀಳುವವರೆಗೆ ಗಾಡಿ ಕದಲುವಂತಿಲ್ಲ. ಅದಕ್ಕೇ ನೋಡಿ, ನಾನಿನ್ನೂ ಹೊರಟಿಲ್ಲ.